ದೀಪ ನಂದಿದ ಮೇಲೆ ಏಳು ಕಿಲೋಮೀಟರ್

ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಗಂಡಸು ಕೂರಲಿಲ್ಲ. ಅಂಗಿಯ ಗುಂಡಿಗಳನ್ನು ತಪ್ಪು ಕಾಜಕ್ಕೆ ಹಾಕಿಕೊಂಡಿದ್ದ. ಮಹಿಳಾ ಪೇದೆ ನೀರು ಕೊಟ್ಟಳು. ಲೋಟ ಹಿಡಿದುಕೊಂಡನೇ ಹೊರತು ಕುಡಿಯಲಿಲ್ಲ.

"ನನ್ನ ಹೆಂಡ್ತೀನ ಆ ಮೆಕ್ಯಾನಿಕ್ ಕೊಂದ. ಬರ್ಕೊಳ್ಳಿ."

ಹಿಂದಿನ ಸಂಜೆ ಸೇತುವೆಯ ಏರಿನಲ್ಲಿ ಅವಳ ಕಾರು ಇದ್ದಕ್ಕಿದ್ದಂತೆ ನಿಂತಿತ್ತು. ಹಿಂದೆ ಲಾರಿ ಬರುತ್ತಿತ್ತು. ಅದೇ ಮಧ್ಯಾಹ್ನ ಗಂಡ ಕಾರನ್ನು ಗ್ಯಾರೇಜಿನಿಂದ ತಂದಿದ್ದ. ರಿಪೇರಿ ಮಾಡದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೋಷ ತೋರಿಸುವ ದೀಪ ಮಾತ್ರ ಆರಿಸಿ ಕೊಟ್ಟ ಎಂಬುದು ದೂರು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಮೆಕ್ಯಾನಿಕ್‌ನನ್ನು ಕೆಲಸದ ಬಟ್ಟೆಯಲ್ಲೇ ಕರೆತಂದರು.

"ದೀಪ ಯಾಕೆ ಆರಿಸ್ದೆ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನು ಯಂತ್ರ ಹಾಕಿ ದೋಷದ ಕೋಡ್ ಓದಿದ್ದಷ್ಟೇ ಸಾರ್. ಪೆಟ್ರೋಲ್ ಒತ್ತಡ ಕಡಿಮೆ ಅಂತ ಬಂತು. ಪೆಟ್ರೋಲ್ ತಳ್ಳೋ ಪಂಪ್ ಕೈಕೊಡ್ತಿದೆ, ಹೊಸದು ಬರೋಕೆ ಮೂರು ದಿನ, ಗಾಡಿ ಇಲ್ಲೇ ಬಿಡಿ ಅಂದೆ. ಬಂದ್ಮೇಲೆ ಒಂದು ಗಂಟೆ ಕೆಲಸ. ಅವರು ಕೇಳ್ಲಿಲ್ಲ, ಪಂಪ್ ತರಿಸಿಡು, ಆಮೇಲೆ ಬರ್ತೀನಿ ಅಂತ ಗಾಡಿ ತಗೊಂಡು ಹೋದ್ರು. ಹೋಗುವಾಗ ದೀಪ ಉರೀತಾನೇ ಇತ್ತು."

"ಮತ್ತೆ ಯಾರಪ್ಪ ಆರಿಸಿದ್ದು? ಗಾಳಿಗೆ ಆರಿತಾ?" ಹೆಡ್ ಕಾನ್‌ಸ್ಟೆಬಲ್ ನಕ್ಕರು.

ದೀಪ ಆರಿದ್ದಂತೂ ನಿಜ. ಸತ್ತವಳ ತಂಗಿಯ ಹೇಳಿಕೆಯನ್ನು ಪೇದೆಯೇ ಬರೆದುಕೊಂಡಳು. "ಹೊರಡುವಾಗ ಅಕ್ಕ ಫೋನ್ ಮಾಡಿದ್ಲು. 'ಆ ಹಾಳು ಲೈಟ್ ಹೋಯ್ತು ಕಣೇ, ನಿಮ್ ಭಾವ ಸರಿ ಮಾಡಿಸ್ಕೊಂಡು ಬಂದ್ರು' ಅಂದ್ಲು. ಖುಷಿಯಾಗಿದ್ಲು."

ಮೆಕ್ಯಾನಿಕ್‌ನನ್ನು ರಾತ್ರಿ ಬಿಡಲಿಲ್ಲ.

ಮರುದಿನ ವಾಹನ ತಪಾಸಣಾಧಿಕಾರಿ ಜಜ್ಜಿಹೋದ ಕಾರಿನ ಸ್ಟೀರಿಂಗ್ ಕೆಳಗೆ ಯಂತ್ರ ಸಿಕ್ಕಿಸಿದರು. "ಕೋಡ್ ಅಳಿಸಿದಾರೆ, ಅದಕ್ಕೇ ದೀಪ ಆರಿದ್ದು. ಅಳಿಸಿದ ಮೇಲೆ ಗಾಡಿ ಓಡಿದ್ದು ಏಳು ಕಿಲೋಮೀಟರ್. ಗಾಡಿ ಇದನ್ನ ಮರೆಯಲ್ಲ."

ಪೇದೆ ಮೊದಲ ಬಾರಿಗೆ ತಾನಾಗಿ ಬಾಯಿ ಬಿಟ್ಟಳು. "ಗ್ಯಾರೇಜಿಂದ ಅವರ ಮನೆಗೇ ಹತ್ತೊಂಬತ್ತು ಆಗುತ್ತೆ ಸಾರ್. ನಿನ್ನೆ ಜೀಪಿನ ಮೀಟರಲ್ಲಿ ನೋಡ್ದೆ. ಮನೆಯಿಂದ ಸೇತುವೆಗೆ ಏಳು."

ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು.

ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಒಡೆದ ಗಾಜಿಗೆ ರಟ್ಟು ಅಂಟಿಸಿತ್ತು. ಅಡುಗೆಮನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡುಗಳ ನಡುವೆ, ಬೆಂಕಿಪೊಟ್ಟಣದಷ್ಟು ದೊಡ್ಡ ಕೋಡ್ ಓದುವ ಸಾಧನ ಸಿಕ್ಕಿತು. ಇಬ್ಬರು ನೆರೆಯವರ ಎದುರು ಪಂಚನಾಮೆ ನಡೆಯಿತು. ಗಂಡ ಗೋಡೆಗೆ ಒರಗಿ ಕುಸಿದು ಕೂತ.

"ನೀವೇ ಆರಿಸಿದ್ರಾ?"

"ಹೂಂ. ಮೂರು ದಿನ ತಾನೇ ಅಂದ್ಕೊಂಡೆ."

"ಮತ್ತೆ ಆ ಬಡಪಾಯಿ ಮೇಲೆ ಯಾಕೆ ಹಾಕಿದ್ರಿ?"

"ನಾನಲ್ಲ ಅಂತ ಆಗ್ಬೇಕಿತ್ತು ಸಾರ್. ಯಾರಾದ್ರೂ ಆಗ್ಲಿ. ನಾನಲ್ಲ ಅಂತ."

ಬಂಧನದ ಕಾಗದಕ್ಕೆ ಸಹಿ ಹಾಕುವಾಗ ಅವನು ಪೇದೆಯ ಕಡೆ ತಿರುಗಿದ. "ನಲ್ಲಿ ಸರಿ ಮಾಡಿ, ಗಾಜು ಹಾಕ್ಸಿ ಅಂತ ಬೈತಿದ್ಲು. ನಾಳೆ ನಾಳೆ ಅಂತಿದ್ದೆ. ಆಮೇಲೆ ಬೈಯೋದೂ ಬಿಟ್ಲು. ಬೈದಿದ್ರೇ ಚೆನ್ನಾಗಿತ್ತು ಮೇಡಂ. ಅವತ್ತು ಕೀ ತಿರುಗಿಸಿ, ದೀಪ ಇಲ್ಲದ್ದು ನೋಡಿ ನಕ್ಳು. ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು. ಸರಿ ಆಗಿಲ್ಲ, ಹೋಗ್ಬೇಡ ಅನ್ನೋಕೆ ಬಾಯಿ ಬಿಟ್ಟೆ. ಬಿಟ್ಟೆ ಅಷ್ಟೇ."

ಶುಕ್ರವಾರ, ಕೇಸಿನಿಂದ ಬಿಡುಗಡೆಯಾಗಿದ್ದ ಮೆಕ್ಯಾನಿಕ್ ತನ್ನ ಫೋನ್ ಒಯ್ಯಲು ಬಂದ. ಕಂಕುಳಲ್ಲಿ ಒಂದು ಪೆಟ್ಟಿಗೆ.

"ಅವರ ಗಾಡೀದು, ಪಂಪ್. ಇವತ್ತು ಬಂತು. ಏನ್ ಮಾಡ್ಲಿ ಮೇಡಂ?"

ಲಾಕಪ್ಪಿನ ಸರಳುಗಳ ಹಿಂದಿನಿಂದ ಗಂಡನ ದನಿ ಬಂತು.

"ಅದನ್ನ ಹಾಕೋಕೆ ಎಷ್ಟು ಹೊತ್ತು ಬೇಕಿತ್ತು?"

ಮೆಕ್ಯಾನಿಕ್ ಪೇದೆಯ ಮುಖ ನೋಡಿದ. ಒಂದು ಗಂಟೆ ಎಂದು ಅವನೇ ಹೇಳಿದ್ದು ನೆನಪಿದ್ದ ಅವಳು ಕಣ್ಣು ತಗ್ಗಿಸಿದಳು.

"ಅದು ದೊಡ್ಡ ಕೆಲಸ ಅಣ್ಣ," ಎಂದ ಅವನು. "ಇಷ್ಟೇ ಹೊತ್ತು ಅಂತ ಹೇಳೋಕಾಗಲ್ಲ."

ಪೆಟ್ಟಿಗೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಹೊರಟುಹೋದ.