ಸವೆದ ಸೇಫ್ಟಿ, ಮುಟ್ಟದ ಟ್ರಿಗರ್

ಬಂದೂಕಿನ ಗುಂಡು, ಗುರಿಹಲಗೆ ಜೋಡಿಸುವ ತಾತನ ತಲೆಯಿಂದ ಒಂದು ಗೇಣು ಮೇಲೆ ಹಾದು ಗೋಡೆಯ ಗಡಿಯಾರಕ್ಕೆ ಬಡಿದಿತ್ತು. ಮುಳ್ಳು ನಾಲ್ಕು ಹತ್ತರ ಮೇಲಿತ್ತು. ಘಟನೆ ನಡೆದದ್ದು ನಾಲ್ಕು ಹತ್ತಕ್ಕೆ ಎಂದು ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ವರದಿಯಲ್ಲಿ ಬರೆದೇಬಿಟ್ಟರು. ಆ ಗಡಿಯಾರ ಮೂರು ವರ್ಷದಿಂದ ನಾಲ್ಕು ಹತ್ತೇ ತೋರಿಸುತ್ತಿತ್ತು. ಆಗ ಬೆಳಿಗ್ಗೆ ಒಂಬತ್ತೂವರೆ.

ಅತ್ತಿಗೆ ಮತ್ತು ನಾನು ಅಲ್ಲಿಗೆ ಹೋದಾಗ ಹತ್ತೂ ಮುಕ್ಕಾಲು. ಅತ್ತಿಗೆ ಸೇನೆಯ ಆಯುಧಾಗಾರದಲ್ಲಿ ಮೂವತ್ತು ವರ್ಷ ಬಂದೂಕು ಪರೀಕ್ಷೆ ಮಾಡಿ ನಿವೃತ್ತರಾದವರು. ಪಕ್ಕದ ಬೀದಿಯಲ್ಲಿ ಸ್ಕ್ರೂ ಸಡಿಲವಾದರೂ ಅವರಿಗೆ ಎಚ್ಚರವಾಗುತ್ತದೆ. ನಂಬದಿದ್ದರೆ ನಮ್ಮಣ್ಣನನ್ನು ಕೇಳಿ. ಅವನ ಹಲ್ಲಿನ ಸೆಟ್ಟು ಸಡಿಲವಾದದ್ದನ್ನು ಅವನಿಗಿಂತ ಮೊದಲು ಪತ್ತೆ ಹಚ್ಚಿದ್ದು ಇವರೇ. ನಾನು ಚೀಲ ಹೊರುವವನು.

ನಮ್ಮನ್ನು ಕರೆಸಿದ್ದ ಕ್ಲಬ್ಬಿನ ಟೀಚರು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಹನ್ನೊಂದಕ್ಕೆ ಅಧ್ಯಕ್ಷೆ ಬಂದು ತಪ್ಪೆಲ್ಲ ಅವಳದೇ ಎನ್ನುವ ಕಾಗದಕ್ಕೆ ಸಹಿ ಹಾಕುವವರಿದ್ದರು. ಹಾಕಿದರೆ ಅವಳ ಕೆಲಸವೂ ಹೋಯಿತು, ಕಲಿಸುವ ಲೈಸೆನ್ಸೂ ಹೋಯಿತು.

“ಮೇಡಂ, ಟ್ರಿಗರ್ ಮುಟ್ಟೇ ಇಲ್ಲ ನಾನು!”

“ಕೂತ್ಕೋ. ನೀನು ನಡೆದ್ರೆ ನಂಗೆ ತಲೆ ಸುತ್ತುತ್ತೆ. ಏನು ಮಾಡಿದೆ?”

“ತಾತ ಗುರಿಹಲಗೆ ಹತ್ರ ಹೋಗ್ತಿದ್ರು. ಮೇಜಿನ ಮೇಲೆ ಬಂದೂಕು ತುಂಬಿದ ಹಾಗೇ ಬಿದ್ದಿತ್ತು. ಗುಂಡು ತೆಗೆಯೋಣ ಅಂತ ಓಡಿ ಬಂದೆ. ಸೇಫ್ಟಿ ಚಿಲಕ ತೆಗೀದೆ ಗುಂಡಿನ ಖಾನೆಯ ಬೋಲ್ಟ್ ಬಿಚ್ಚಕ್ಕಾಗಲ್ಲ. ಸೇಫ್ಟಿ ತೆಗೆದೆ — ಹೊಡೀತು!”

ತಾತ ಮೂಲೆಯಲ್ಲಿ ಕಿವಿಗೆ ಬೆರಳು ಹಾಕಿ ಅಲ್ಲಾಡಿಸುತ್ತಿದ್ದ.

“ನಿನ್ನನ್ನ ಅಲ್ಲಿಗೆ ಕಳಿಸಿದ್ಯಾರು ತಾತ?”

“ಯಾರಮ್ಮಾ? ಇವ್ರೇ, ಕಾರ್ಯದರ್ಶಿ ಸಾಹೇಬ್ರು. ಹಲಗೆ ಸೊಟ್ಟಗಿದೆ ಅಂದ್ರು. ಅವ್ರ ಕಣ್ಣು ಸೊಟ್ಟ, ಹಲಗೆ ನೆಟ್ಟಗೇ ಇತ್ತು.”

ಕಾರ್ಯದರ್ಶಿ ಪೆನ್ನನ್ನು ಟಿಕ್ ಟಿಕ್ ಅನ್ನಿಸಿದರು. “ಇದು ಅಜ್ಜಂದಿರ ಕಾಲದ ಸೇನೆ ಬಂದೂಕು ಮೇಡಂ. ಆದ್ರೂ ಸೇಫ್ಟಿ ಕಲ್ಲಿನ ಹಾಗಿದೆ. ಗುಂಡು ಹಾರಿದ ಮೇಲೆ ಕಮಿಟಿಯ ಮೂರು ಜನ ಸೇಫ್ಟಿ ಹಾಕಿ ಟ್ರಿಗರ್ ಎಳೆದು ನೋಡಿದ್ದಾರೆ. ಮಿಸುಕಲಿಲ್ಲ.”

“ಮುಂಚೆ?”

“ಮುಂಚೇನೂ ಅಷ್ಟೇ! ಇವತ್ತಿನ ಮೊದಲ ಗುಂಡು ನಾನೇ ಹೊಡೀಬೇಕಿತ್ತು. ತುಂಬಿ, ಸೇಫ್ಟಿ ಹಾಕಿ, ಎರಡು ಸಲ ಜಗ್ಗಿ ನೋಡ್ದೆ. ಭದ್ರ! ಅಷ್ಟರಲ್ಲಿ ಫೋನ್ ಬಂತು, ಹೊರಗೆ ಹೋದೆ. ನನ್ನಷ್ಟು ಜಾಗ್ರತೆ ಯಾರು ಮಾಡ್ತಾರೆ ಹೇಳಿ?”

ಅಧ್ಯಕ್ಷೆ ಒಳಗೆ ಬಂದು ನೇರವಾಗಿ ಪೆನ್ನಿಗೆ ಕೈ ಚಾಚಿದರು.

“ಎರಡು ನಿಮಿಷ,” ಎಂದರು ಅತ್ತಿಗೆ.

ಬಂದೂಕಿನೊಳಗೆ ಗುಂಡಿಲ್ಲವೆಂದು ಅತ್ತಿಗೆ ಮೂರು ಸಲ ನೋಡಿದರು. ನನಗೂ ನೋಡಲು ಹೇಳಿದರು. ನಾನು ನಾಲ್ಕು ಸಲ ನೋಡಿದೆ; ಮುಂದೆ ನಿಂತಿದ್ದವನು ನಾನೇ. ತೂತು ಬಿದ್ದ ಗೋಡೆಯ ಕಡೆಗೆ ತಿರುಗಿಸಿ ಸೇಫ್ಟಿ ಹಾಕಿದರು. ಟ್ರಿಗರ್ ಎಳೆದರು. ಏನೂ ಆಗಲಿಲ್ಲ.

“ನೋಡಿದ್ರಾ?” ಕಾರ್ಯದರ್ಶಿ ಹಿಗ್ಗಿದರು.

“ನೀವು ಇಲ್ಲಿಗೇ ನಿಲ್ಲಿಸಿದ್ರಿ. ಕಮಿಟಿಯೂ ಇಲ್ಲಿಗೇ ನಿಲ್ಲಿಸ್ತು. ಪರೀಕ್ಷೆ ಇನ್ನೂ ಅರ್ಧ ಬಾಕಿ.”

ಅತ್ತಿಗೆ ಟ್ರಿಗರಿನಿಂದ ಬೆರಳು ತೆಗೆದು ದೂರ ಹಿಡಿದರು. ಹೆಬ್ಬೆರಳಿನಿಂದ ಸೇಫ್ಟಿ ತಿರುಗಿಸಿದರು.

ಟಕ್!

ತಾತ ಕುಳಿತಲ್ಲೇ ಬಗ್ಗಿದ. ಅಧ್ಯಕ್ಷೆಯ ಕೈ ಗಾಳಿಯಲ್ಲೇ ನಿಂತಿತು.

“ಸೇಫ್ಟಿ ಗಟ್ಟಿಯಾಗಿದ್ರೆ ಒಳಗೆ ಗುಂಡಿಗೆ ಬಡಿಯೋ ಸೂಜೀನ ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಹಿಡಿಯುತ್ತೆ. ಇದು ಸವೆದಿದೆ. ಹಿಂದಕ್ಕೆ ಎಳೆಯಲ್ಲ, ಬರೀ ಅಡ್ಡ ನಿಲ್ಲುತ್ತೆ. ಆಗ ಟ್ರಿಗರ್ ಎಳೆದ್ರೆ ಕೆಳಗೆ ಸೂಜೀನ ತಡೆಯೋ ಹಲ್ಲು ಜಾರುತ್ತೆ, ವಾಪಸ್ ಬಂದು ಕಚ್ಚಲ್ಲ. ಆಮೇಲೆ ಸೇಫ್ಟಿ ತೆಗೆದವರ ಕೈಯಲ್ಲಿ ಗುಂಡು ಹಾರುತ್ತೆ. ಬೆರಳು ಎಲ್ಲೇ ಇರಲಿ.”

“ಹಾಗಾದ್ರೆ ಹೊಡೆದವರು...?” ಅಧ್ಯಕ್ಷೆ ಕೇಳಿದರು.

“ಎಳೆದವರು ಕಾರ್ಯದರ್ಶಿಗಳು. ಸಿಡಿದದ್ದು ಇವಳ ಕೈಯಲ್ಲಿ. ಪರೀಕ್ಷೆ ಮಾಡಬೇಕಿದ್ದದ್ದು ಖಾಲಿ ಬಂದೂಕನ್ನ. ಇವರು ಗುಂಡು ತುಂಬಿ ಮಾಡಿದ್ರು. ಮೇಜಿನ ಮೇಲೆ ಬಿಟ್ಟು, ತಾತನ್ನ ಅದರ ಎದುರಿಗೆ ಕಳಿಸಿ, ಫೋನಿಗೆ ಹೋದ್ರು. ನಾನು ಕಂಡುಹಿಡಿದದ್ದೇನಿಲ್ಲ, ಅವರೇ ಹೇಳಿದ್ರಲ್ಲ, ಎದೆ ತಟ್ಟಿಕೊಂಡು.”

ಕಾರ್ಯದರ್ಶಿಯ ಪೆನ್ನು ಸುಮ್ಮನಾಯಿತು. “ನಾನು... ಒಳ್ಳೇದಕ್ಕೇ...”

ಅಧ್ಯಕ್ಷೆ ಕಾಗದವನ್ನು ನಾಲ್ಕು ಚೂರು ಮಾಡಿದರು. ಕಾರ್ಯದರ್ಶಿಯ ಸೊಂಟದಲ್ಲಿದ್ದ ಬಂದೂಕು ಕಪಾಟಿನ ಕೀಲಿಗೊಂಚಲನ್ನು ಬಿಚ್ಚಿಸಿ ಟೀಚರ ಕೈಗಿಟ್ಟರು.

ಟೀಚರು ಕೊನೆಗೂ ಕುಳಿತಳು. ಕುಳಿತವಳೇ ರಿಜಿಸ್ಟರ್ ಎಳೆದುಕೊಂಡು ಕಾರ್ಯದರ್ಶಿಯ ಹೆಸರು ಬರೆದಳು.

“ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ ಸಾರ್. ಹೊಸಬರ ಕ್ಲಾಸು. ಮೊದಲನೇ ತಿಂಗಳು ಬಂದೂಕು ಕೊಡಲ್ಲ, ಪೊರಕೆ ಕೊಡ್ತೀನಿ.”