ಸೋಮವಾರ ಏಳದ ಕಂಪ್ಯೂಟರ್

ಕಾರ್ತಿಕದ ಮೂರನೇ ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಬಿಸಿಲು ಬಂದಿದ್ದರೂ ಹೊಸದುರ್ಗದ ಬೀದಿಯಲ್ಲಿ ಚಳಿ ಬಿಟ್ಟಿರಲಿಲ್ಲ. ಲಾಲ್ ಸಾಬರ ರಿಪೇರಿ ಅಂಗಡಿಗೆ ಓಡುತ್ತ ಬಂದ ಚೈತ್ರಾಳನ್ನು ಮೊದಲು ಕಂಡವನು ಮಾರಣ್ಣ. ಮೂವತ್ತು ವರ್ಷದಿಂದ ಸಾಬರ ಹಿಂದೆ ಟೂಲ್ ಪೆಟ್ಟಿಗೆ ಹೊತ್ತವನು ಅವನು. ರೇಡಿಯೋ ಕೆಟ್ಟರೂ, ಮನೆಯಲ್ಲಿ ಕಳುವಾದರೂ ಊರವರು ಬರುತ್ತಿದ್ದುದು ಸಾಬರ ಹತ್ತಿರವೇ.

"ಚಾಚಾ, ಅವರು ಮತ್ತೆ ಮಾತಾಡಿದ್ರು."

ಅವರು ಅಂದರೆ ಅವಳ ಗಂಡ ಮುರುಗಪ್ಪ. ತೀರಿಕೊಂಡು ಎಂಟು ತಿಂಗಳಾಗಿತ್ತು. ಅವನ ಟೈಪಿಂಗ್ ಅಂಗಡಿಯನ್ನು ಈಗ ಅವಳು ನಡೆಸುತ್ತಿದ್ದಳು. ಕಾರ್ತಿಕ ಹಿಡಿದಾಗಿನಿಂದ ಪ್ರತಿ ಸೋಮವಾರ ಕಂಪ್ಯೂಟರ್ ಏಳುತ್ತಿರಲಿಲ್ಲ. ಕಪ್ಪು ಪರದೆ, ಇಂಗ್ಲಿಷಿನ ಒಂದು ಬಿಳಿ ಸಾಲು, ಆಮೇಲೆ ಸತ್ತವನ ದನಿ. ಮಧ್ಯಾಹ್ನದ ಮೇಲೆ ಎಲ್ಲ ಸರಿ.

"ನಾನು ಅಂಗಡೀಲಿ ಕೂರೋದು ಅವರಿಗೆ ಇಷ್ಟ ಇಲ್ವಂತೆ, ಅದಕ್ಕೇ ಹಿಂಗೆ ಕಾಡ್ತಾರಂತೆ. ಸಂಜೆಗೆ ಅಂಗಡಿ ಖಾಲಿ ಮಾಡಿಸ್ತೀನಿ ಅಂತ ಮೈದುನ ಕಲ್ಲೇಶ್ ಹಿರಿಯೂರಿಂದ ಬಂದು ಕುಂತವ್ನೆ. ಅದು ಹೋದ್ರೆ ನನಗೇನೈತೆ ಚಾಚಾ?"

ಮನೆಯ ಮುಂದಿನ ಕೋಣೆಯೇ ಅಂಗಡಿ. ಜಗಲಿಯಲ್ಲಿ ಅತ್ತೆ ಕೊಟ್ರಮ್ಮ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬರ್ರಿ ಸಾಬ್ರೇ," ಕಲ್ಲೇಶ್ ನಕ್ಕ. "ದೆವ್ವಕ್ಕೂ ಸ್ಕ್ರೂಡ್ರೈವರ್ ತಂದೀರಾ?"

"ತಂದೀನಪ್ಪ. ನಿನ್ನವೂ ಒಂದೆರಡು ಲೂಸ್ ಅವೆ."

ಮೇಜಿನ ಗೂಡಿನಲ್ಲಿದ್ದ ಕಂಪ್ಯೂಟರಿನ ಹಣೆಗೆ ವಿಭೂತಿ, ಸುತ್ತ ಚೆಂಡುಹೂವಿನ ರಾಶಿ. ಚೈತ್ರಾ ಗುಂಡಿ ಒತ್ತಿದಳು. ಬಿಳಿ ಸಾಲು ಮೂಡಿ ನಿಂತಿತು. ಯಾರೋ ಕೆಮ್ಮಿದರು. "ಅವ್ವಾ, ಕೇಳಿಸ್ತೈತಾ?" ಮುರುಗಪ್ಪನದೇ ದನಿ. ಅವನ ಹೆಣಕ್ಕೆ ಹೆಗಲು ಕೊಟ್ಟಿದ್ದ ಮಾರಣ್ಣ ಬಾಗಿಲ ಕಡೆ ಸರಿದ; ಚೈತ್ರಾ ಎಂದಿನಂತೆ ಹೆದರಿ ಅಲ್ಲಿಗೇ ಸ್ವಿಚ್ ಆರಿಸಿದಳು.

ಸಾಬರು ಎರಡೇ ಪ್ರಶ್ನೆ ಕೇಳಿದರು. "ಇತ್ತೀಚೆಗೆ ಯಾರಾದ್ರೂ ರಿಪೇರಿ ಮಾಡಿದ್ರಾ?"

"ದಸರಾ ಹೊತ್ತಿಗೆ ಚಿತ್ರದುರ್ಗದ ಮೆಕ್ಯಾನಿಕ್ ಪೆನ್‌ಡ್ರೈವಿಂದ ಹೊಸ ವಿಂಡೋಸ್ ಹಾಕಿದ."

"ಪೂಜೆ?"

"ಸೋಮವಾರ ನಾನು ಏಳೋ ಮುಂಚೆ ಅತ್ತೆ ಮಾಡ್ತಾರೆ. ಮಧ್ಯಾಹ್ನ ಹೂವನ್ನೂ ಅವರೇ ತೆಗೀತಾರೆ."

ಸಾಬರು ಯಂತ್ರದ ಹಿಂದೆ ಬೆರಳಾಡಿಸಿ, ತುದಿಗೆ ಹತ್ತಿದ ವಿಭೂತಿಯನ್ನು ನೋಡಿದರು. "ಮಾರಣ್ಣ, ಎಲ್ರನ್ನೂ ಒಳಗೆ ಕರಿ. ಕುಂತ್ಕಳ್ರಿ."

ಎಲ್ಲರೂ ಕೂತ ಮೇಲೆ ನಿಧಾನ ಶುರುಮಾಡಿದರು. "ಪೆನ್‌ಡ್ರೈವಿಂದ ವಿಂಡೋಸ್ ಹಾಕೋಕೆ, ಹೊರಗೆ ಸಿಕ್ಕಿಸಿದ್ದನ್ನ ಮೊದಲು ನೋಡು ಅಂತ ಮೆಕ್ಯಾನಿಕ್ ಇದಕ್ಕೆ ಹೇಳಿದ್ದ, ವಾಪಸ್ ತಿರುಗಿಸೋದು ಮರೆತ. ಏನೂ ಸಿಕ್ಕಿಸದಿದ್ದ ದಿನ ತೊಂದರೆ ಇಲ್ಲ. ಸೋಮವಾರ ಮಾತ್ರ ಏನೋ ಸಿಕ್ಕುತ್ತೆ. ಹೊರಗಿಂದ ಸಿಕ್ಕಿಸಿದ್ದನ್ನ ತೆಗೆಯಿರಿ ಅಂತಲೇ ಆ ಬಿಳಿ ಸಾಲು ಹೇಳೋದು, ನೀವು ಹೆದರಿ ಓದಲಿಲ್ಲ. ವಿಭೂತಿ ಹಣೆಗೆ ಹಚ್ತಾರೆ. ಬೆನ್ನಿಗೆ ಹತ್ತಬೇಕಾದ್ರೆ ಪೂಜೆ ಮಾಡಿದ ಕೈಯೇ ಹಿಂದೆ ಹೋಗಿರಬೇಕು."

ಹೂವಿನ ರಾಶಿಯೊಳಗಿಂದ ಅಂಗೈಯಗಲದ ಸ್ಪೀಕರ್ ಮೇಲೆತ್ತಿದರು. ಅದರ ವೈರು ಯಂತ್ರದ ಬೆನ್ನಲ್ಲಿತ್ತು.

"ಕರೆಂಟ್ ಸಿಕ್ಕಿದ್ರೆ ಇದು ತಾನೇ ಹಾಡುತ್ತೆ. ಇದರೊಳಗಿನ ಮೆಮೊರಿ ಕಾರ್ಡಲ್ಲಿ ವಿಂಡೋಸ್ ಹುಡುಕಿ ಕಂಪ್ಯೂಟರ್ ನಿಂತುಬಿಡುತ್ತೆ. ಕಲ್ಲೇಶ, ಮೊದಲು ನಿನ್ನ ಮೇಲೇ ಅನುಮಾನ ಇತ್ತು. ಆದ್ರೆ ಆ ದನಿ ಹೆಂಡತೀನ ಕರೀಲಿಲ್ಲ, ಅವ್ವನ್ನ ಕರೀತು."

ಎಲ್ಲರ ಕಣ್ಣೂ ಕೊಟ್ರಮ್ಮನ ಕಡೆ ತಿರುಗಿದವು.

"ಕಾರ್ತಿಕ ಸೋಮವಾರ ಹಾಲುರಾಮೇಶ್ವರನ ಗುಡಿಗೆ ಹೋಗೋವಾಗ ಕೇಳು ಅಂತ ಮಗ ವಚನ ಹಾಡಿ ಇದ್ರಾಗೆ ತುಂಬಿಕೊಟ್ಟಿದ್ದ," ಅಂದಳು ಮುದುಕಿ. "ಬ್ಯಾಟರಿ ಸತ್ತೈತೆ. ಅವನು ಚಾರ್ಜಿಗೆ ಹಾಕ್ತಿದ್ದುದು ಈ ಕಂಪ್ಯೂಟರಿಗೇ. ಜಗಲೀಲಿ ಕುಂತು ಕೇಳ್ತಿದ್ದೆ."

"ಅಂಗಡಿ ಹೋಗುತ್ತೆ ಅಂತ ಗೊತ್ತಿದ್ದೂ ಸುಮ್ನಿದ್ರಾ ಅತ್ತೆ?"

"ಹೇಳಿದ್ರೆ ಕಸ್ಕೊಂತೀರಿ ಅಂತ. ಇದೊಂದು ಸೋಮವಾರ, ಇದೊಂದು ಸೋಮವಾರ ಅಂದ್ಕೊಂಡೆ ಕಣವ್ವ."

ಸಾಬರು ನಾಲ್ಕಾರು ಗುಂಡಿ ಒತ್ತಿ ಮೆಕ್ಯಾನಿಕ್ ಮರೆತದ್ದನ್ನು ತಿರುಗಿಸಿದರು. ಸ್ಪೀಕರ್ ಸಿಕ್ಕಿಸಿದ ಹಾಗೆಯೇ ಯಂತ್ರ ಎದ್ದಿತು. ಮಗನ ದನಿ ಕೋಣೆ ತುಂಬುತ್ತಿದ್ದಾಗ ಚೈತ್ರಾ ಕುರ್ಚಿ ಎಳೆದುಕೊಂಡು ಟೈಪ್ ಮಾಡಲು ಕೂತಳು. ಅತ್ತೆಗೆ ಪಕ್ಕದ ಸ್ಟೂಲ್ ತೋರಿಸಿದಳು.

ಬುಧವಾರ ಬೆಳಿಗ್ಗೆ ಕಲ್ಲೇಶ್ ಹಿರಿಯೂರಿನ ಬಸ್ಸು ಹತ್ತಿದ. ತಾಯಿಯನ್ನೂ ಕರೆದಿದ್ದ. ಹೋದವನು ಅವನೊಬ್ಬನೇ.