ಸಾಲಿಗೆ ಕೂಡದ ಸಂಖ್ಯೆ

"ಒಂದು ತಿಂದಿಯೇನ, ನಿಖಿತಾ?"

"ಇಲ್ಲಬೇ ಆಯಿ! ಅರಿಹಸಿ ಸಂಡಿಗಿ ಯಾರ ತಿಂತಾರ?"

ಖಾಸಬಾಗದ ಮನೆಯ ಮಾಳಿಗೆಯ ಮೇಲೆ ನಿಖಿತಾ ಸಂಡಿಗೆ ತಿರುವಿ ಇಡುತ್ತಿದ್ದಳು. ಅಜ್ಜಿಗೆ ಸಾಲು ಸಮ ಇರಬೇಕು. ಕಾಗೆ ಒಂದು ಒಯ್ದರೂ ಗೊತ್ತಾಗಬೇಕು.

ಎಂಟೆಂಟರಂತೆ ಇಟ್ಟಳು. ಒಂದು ಉಳಿಯಿತು. ಒಂಬತ್ತೊಂಬತ್ತು ಇಟ್ಟಳು. ಆಗಲೂ ಒಂದು. ಏಳೇಳು ಇಟ್ಟರೆ ಮೂರು ಉಳಿದವು.

"ಒಟ್ಟು ಎಷ್ಟದಾವ, ಎಣಿಸರ ಎಣಿಸು."

ಎಪ್ಪತ್ತಮೂರು. ನಿಖಿತಾಳ ಕೈ ಅಲ್ಲೇ ನಿಂತಿತು.

ಸಾಯಲಿಯ ಸಂಖ್ಯೆ ಶುರುವಾಗುವುದೇ 73ರಿಂದ. ಸಾಯಲಿ ಅವಳ ಬೆಂಚಿನ ಗೆಳತಿ. ದೀಪಾವಳಿಗೆ ಮೊದಲು ಒಂದು ದಿನ ಬೋರ್ಡಿನ ಮೇಲೆ 73939133 ಎಂದು ಬರೆದಿದ್ದಳು.

"ಒಂದು ಮತ್ತ ಇದೇ ಸಂಖ್ಯೆ ಬಿಟ್ರ, ಇದು ಯಾವುದ್ರಿಂದಾನೂ ಭಾಗ ಹೋಗೂದಿಲ್ಲ. ಬಾಲ ಕತ್ತರಿಸ್ಕೋತ ಹೋದ್ರೂ ಹೋಗೂದಿಲ್ಲ!" ಎಂದು ಕೊನೆಯ 3 ಅಳಿಸಿದ್ದಳು. ಉಳಿದದ್ದು 7393913.

"ಕೊನೀಗೆ 13 ಐತಲ್ಲ! 13ರಿಂದ ಹೋಗತೈತಿ, ನಾ ಮಾಡಿ ನೋಡೇನಿ. ಸುಳ್ಳಿ!" ಎಂದು ಕೂಗಿದ್ದು ನಿಖಿತಾ.

ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ 'ಸುಳ್ಳಿ ಸಾಯಲಿ' ಎಂಬ ಹೆಸರೇ ಬಿತ್ತು. ಮುಂದಿನ ವಾರ ಅವಳ ಪಪ್ಪಾಗೆ ಖಾನಾಪುರಕ್ಕೆ ಟ್ರಾನ್ಸ್‌ಫರ್ ಆಯಿತು. ಸಾಯಲಿ ಆ ಹೆಸರು ಹೊತ್ತೇ ಊರು ಬಿಟ್ಟಳು.

ಆಮೇಲೆ ನಿಖಿತಾ ಮನೆಯಲ್ಲಿ 13ರಿಂದ ಭಾಗಿಸಿದಳು. ಏಳು ಉಳಿಯಿತು. 'ಅವತ್ತು ನನ್ನ ಭಾಗಾಕಾರ ತಪ್ಪಿತ್ತು, ಸಾರಿ' ಎಂದು ಕಾಗದವನ್ನೂ ಬರೆದಳು. ಅದು ನಾಲ್ಕು ತಿಂಗಳಿಂದ ಪುಸ್ತಕದೊಳಗೇ ಇತ್ತು.

ಈಗ ಅವಳು ಚಾಕ್‌ಪೀಸ್ ತಂದು ನೆಲದ ಮೇಲೆ ಆ ಸಂಖ್ಯೆಯ ಮೊದಲ ಮೂರು ಅಂಕಿ, 739, ಬರೆದಳು. ಎರಡು, ಮೂರು, ಐದರಿಂದ ಹೋಗಲಿಲ್ಲ. ಏಳರಿಂದ, ಹನ್ನೊಂದರಿಂದ, ಹೀಗೆ ಇಪ್ಪತ್ತಮೂರರವರೆಗೆ ಭಾಗಿಸಿದಳು. ಪ್ರತಿ ಸಲವೂ ಏನಾದರೂ ಉಳಿಯಿತು. ಇಡೀ ಸಂಖ್ಯೆ ಬರೆದು, ಬಾಲದ ಕಡೆಯಿಂದ ಅಂಗೈ ಮುಚ್ಚುತ್ತ ಬಂದಳು. ಏಳು ಕೋಟಿಯಿಂದ ಇಳಿದು ಇಳಿದು ಬರೀ ಏಳು ಉಳಿಯಿತು. ಪ್ರತಿ ತುಂಡೂ ಯಾವುದರಿಂದಲೂ ಭಾಗ ಹೋಗದ್ದು ಎಂದು ಅಜ್ಜಿಗೂ ಹೇಳಿದಳು.

"ಯಾರ ಮಾಡಿದ್ರ ಇದನ್ನ?" ಅಜ್ಜಿ ಕೇಳಿದಳು.

"ಯಾರೂ ಮಾಡಿಲ್ಲಬೇ. ಮೊದಲಿಂದಾನ ಹಿಂಗ ಐತಿ. ಇನ್ನೊಂದು ಅಂಕಿ ಹಚ್ಚಿದ್ರ ಕೆಡತೈತಿ. ಇಂಥಾದ್ರಾಗ ಇದಕ್ಕಿಂತ ದೊಡ್ಡದು ಇಲ್ಲಂತ."

"ಮಂದಿ ಎಣಿಸಾಕ ಕಲಿಯೂಕಿಂತ ಮೊದಲೂ ಹಿಂಗ ಇತ್ತೇನ?"

"ಹೂಂ."

ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲದ ಮೇಲಿನ ಅಂಕಿಗಳತ್ತ ಬಾಗಿದಳು. "ಹಂಗಾರ ಅದನ್ನ ತುಳೀಬ್ಯಾಡವಾ. ಸಂಡಿಗಿ ಒಂದ ಸಾಲಿಗೆ ಹಚ್ಚಿಬಿಡು."

ಗೋಡೆಯುದ್ದಕ್ಕೂ ಒಂದೇ ಸಾಲು ಹಚ್ಚಿ ನಿಖಿತಾ ಕೆಳಗಿಳಿದಳು. ಕಾಗದ ತೆಗೆದು ಓದಿದಳು. 'ಭಾಗಾಕಾರ ತಪ್ಪಿತ್ತು' ಎಂಬಲ್ಲಿ ಕಣ್ಣು ನಿಂತಿತು. ಪ್ರತಿ ಸಲ ನಿಲ್ಲುತ್ತಿದ್ದುದೂ ಅಲ್ಲೇ.

ಆ ಸಾಲು ಹೊಡೆದುಹಾಕಿ ಕೆಳಗೆ ಬರೆದಳು: 'ಅವತ್ತು ನಾನು ಭಾಗಿಸಿಯೇ ಇರಲಿಲ್ಲ. ಸುಳ್ಳು ಹೇಳಿದವಳು ನಾನು. ಕ್ಲಾಸಿನಲ್ಲೂ ಹೇಳುತ್ತೇನೆ.'

ಮಾರ್ಕೆಟ್ಟಿನ ಮೂಲೆಯ ಕೆಂಪು ಅಂಚೆ ಡಬ್ಬಿಯ ಬಾಯೊಳಗೆ ಕಾಗದ ತೂರಿಸಿದಳು. ಆಮೇಲೆ ಬೆರಳು ಸಡಿಲಿಸಿ ಅದನ್ನು ಒಳಗೆ ಬಿಟ್ಟಳು.